ಅಂಗನವಾಡಿಯ ತಕ್ಕಡಿ ಯಾರು ನೋಡಬೇಕು?

(ಗಾಂಧಿ ಗಂಜಿನ ಮಸೀದಿಯಲ್ಲಿ ಮಾಡಿದ ಜುಮಾ ಬಯಾನಿನ ಸಾರಾಂಶ. ಓದುಗರಿಗಾಗಿ ಸ್ವಲ್ಪ ವಿಸ್ತರಿಸಿ ಬರೆಯಲಾಗಿದೆ.)



ಕೆಲವು ದಿನಗಳ ಹಿಂದೆ ಮಗ್ರಿಬ್ ನಮಾಝಿನ ನಂತರ ನಮ್ಮ ಜಮಾಅತಿನ ಒಬ್ಬ ಹಮಾಲ ಭಾಯಿ ನನ್ನ ಬಳಿ ಬಂದು ಕುಳಿತರು. ಮಗಳನ್ನು ಒಂದನೇ ತರಗತಿಗೆ ಸೇರಿಸಬೇಕು, ವಯಸ್ಸಿಗೆ ಮೂರು ತಿಂಗಳು ಕಡಿಮೆ ಬೀಳುತ್ತದೆ. "ಮೌಲಾನಾ ಸಾಬ್, ಹುಟ್ಟಿದ ತಾರೀಖು ಸ್ವಲ್ಪ ಹಿಂದಕ್ಕೆ ಹಾಕಿಸಿದ್ರ ಗುನಾಹ್ ಆಗ್ತದೇನ್ರಿ? ಒಂದು ವರ್ಷ ಉಳಿತದ" ಎಂದು ಕೇಳಿದರು. ಸುಳ್ಳು ಸುಳ್ಳೇ ಎಂದು ಹೇಳಿ ಕಳಿಸಿಬಿಡಬಹುದಿತ್ತು. ಆದರೆ ಮಗು ಈಗ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದೆ. "ಎಲ್ಲೂ ಇಲ್ರಿ, ಮನ್ಯಾಗೇ ಅದಾಳ." ಓಣಿಯಲ್ಲೇ ಅಂಗನವಾಡಿ ಇದೆಯಲ್ಲ ಎಂದೆ. "ಅಲ್ಲೇನು ಕಲಿಸ್ತಾರ್ರಿ, ಊಟ ಹಾಕಿ ಕಳಸ್ತಾರ" ಎಂದರು. ಇದು ಒಬ್ಬರ ಮಾತಲ್ಲ, ನಮ್ಮ ಹೆಚ್ಚಿನ ಮನೆಗಳ ಮಾತು. ಆದ್ದರಿಂದಲೇ ಈ ವಿಷಯವನ್ನು ಜುಮಾದಲ್ಲಿ ಎತ್ತಿಕೊಂಡೆ.

ಹಝ್ರತ್ ಉಮರ್(ರ) ಕೇಳಿದ ಅಳು

ಹಝ್ರತ್ ಉಮರ್(ರ) ಅವರ ಆಡಳಿತದಲ್ಲಿ ಮಕ್ಕಳಿಗೆ ಬೈತುಲ್ ಮಾಲ್‌ನಿಂದ ಭತ್ಯೆ ಸಿಗುತ್ತಿತ್ತು. ಆದರೆ ಮಗು ತಾಯಿಯ ಹಾಲು ಬಿಟ್ಟ ಮೇಲೆ ಮಾತ್ರ ಎಂಬ ನಿಯಮವಿತ್ತು. ಒಂದು ರಾತ್ರಿ ಮದೀನಾಕ್ಕೆ ವ್ಯಾಪಾರಿಗಳ ತಂಡ ಬಂದು ಇಳಿದಿತ್ತು. ಖಲೀಫರು ಸ್ವತಃ ಅವರ ಕಾವಲಿಗೆ ನಿಂತಿದ್ದರು. ಒಂದು ಮಗು ರಾತ್ರಿಯಿಡೀ ಅಳುತ್ತಿತ್ತು. ಮಗುವನ್ನು ಸಮಾಧಾನ ಮಾಡುವಂತೆ ತಾಯಿಗೆ ಮತ್ತೆ ಮತ್ತೆ ಹೇಳಿದರು. ಕೊನೆಗೆ ಆಕೆ, ತನ್ನ ಮುಂದೆ ನಿಂತವರು ಯಾರೆಂದು ತಿಳಿಯದೆ, ಇದ್ದ ಸಂಗತಿ ಹೇಳಿದಳು. ಹಾಲು ಬಿಟ್ಟ ಮಗುವಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ, ಅದಕ್ಕೆ ಬೇಗ ಹಾಲು ಬಿಡಿಸುತ್ತಿದ್ದೇನೆ ಎಂದಳು. ಆ ದಿನ ಫಜ್ರ್ ನಮಾಝಿನಲ್ಲಿ ಖಲೀಫರು ಎಷ್ಟು ಅತ್ತರೆಂದರೆ ಅವರ ಕಿರಾಅತ್ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ನಂತರ ನಿಯಮ ಬದಲಾಯಿತು. ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ, ಹಾಲು ಬಿಡಿಸಲು ಅವಸರ ಮಾಡಬೇಡಿ ಎಂದು ಸಾರಿಸಿದರು.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಒಳ್ಳೆಯ ಉದ್ದೇಶದ ನಿಯಮವೂ ಮಗುವಿಗೆ ತೊಂದರೆ ಕೊಡಬಹುದು. ಅದು ಕಚೇರಿಯಲ್ಲಿ ಕುಳಿತವರಿಗೆ ಕಾಣುವುದಿಲ್ಲ, ಓಣಿಯಲ್ಲಿ ನಡೆದವರಿಗೆ ಕೇಳಿಸುತ್ತದೆ. ಇನ್ನೊಂದು, ಹಿರಿಯರ ಅವಸರಕ್ಕೆ ಬೆಲೆ ತೆರುವುದು ಮಗುವೇ. ಆ ತಾಯಿಯ ಅವಸರದಿಂದ ಮಗು ಹಾಲು ಕಳೆದುಕೊಂಡಿತು. ನಮ್ಮ ಅವಸರದಿಂದ ಮಗು ಆಡಿ ಕಲಿಯುವ ಒಂದು ವರ್ಷ ಕಳೆದುಕೊಳ್ಳುತ್ತದೆ. ಮೇಲಾಗಿ, ತಪ್ಪು ತಾರೀಖು ಮುಂದೆ ಮಾರ್ಕ್ಸ್ ಕಾರ್ಡ್, ಆಧಾರ್, ಪಾಸ್‌ಪೋರ್ಟ್ ಎಲ್ಲ ಕಡೆ ಕಾಡುತ್ತದೆ.

ಅಂಗನವಾಡಿ ಊಟದ ಮನೆ ಮಾತ್ರವಲ್ಲ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ.ನರಸೀಪುರಕ್ಕೆ. ಅದರ ಕೆಲಸಗಳು ಆರು: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಅಗತ್ಯವಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ, ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ. ನಾವು ನೋಡುವುದು ಮೊದಲನೆಯದನ್ನು ಮಾತ್ರ. ಕಲಿಕೆಗಾಗಿ ನಮ್ಮ ಅಂಗನವಾಡಿಗಳಲ್ಲಿ 'ಚಿಲಿಪಿಲಿ' ಎಂಬ ಪಠ್ಯಕ್ರಮವಿದೆ. ಹಾಡು, ಕಥೆ, ಬಣ್ಣ, ಎಣಿಕೆ ಎಲ್ಲ ಆಟದಲ್ಲೇ. ಮನೆಯಲ್ಲಿ ದಖನಿ ಮಾತನಾಡುವ ನಮ್ಮ ಮಗು ನಾಲ್ಕನೇ ವಯಸ್ಸಿಗೇ ಕನ್ನಡ ಕೇಳಿ ಬೆಳೆದರೆ ಒಂದನೇ ತರಗತಿಯಲ್ಲಿ ಮೂಲೆ ಹಿಡಿದು ಕೂರುವುದಿಲ್ಲ. ಮಕ್ತಬ್ ನಡೆಯುವುದು ಬೆಳಿಗ್ಗೆ ಅಥವಾ ಅಸ್ರ್ ನಂತರ. ಎರಡಕ್ಕೂ ಜಗಳವಿಲ್ಲ.

ಇದು ಯಾರೋ ಕೊಡುವ ಖೈರಾತ್ ಅಲ್ಲ ಎಂಬುದನ್ನೂ ತಿಳಿಯಬೇಕು. ಸಂವಿಧಾನದ 45ನೇ ವಿಧಿ ಆರು ವರ್ಷದೊಳಗಿನ ಮಕ್ಕಳ ಆರೈಕೆ ಮತ್ತು ಶಿಕ್ಷಣಕ್ಕೆ ಪ್ರಯತ್ನಿಸಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. 2013ರ ಆಹಾರ ಭದ್ರತಾ ಕಾಯ್ದೆ ಆರು ತಿಂಗಳಿಂದ ಆರು ವರ್ಷದ ಮಗುವಿಗೆ ಅಂಗನವಾಡಿಯ ಆಹಾರವನ್ನು ಹಕ್ಕಾಗಿ ಮಾಡಿದೆ. 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಕನಿಷ್ಠ 40 ಚಿಕ್ಕ ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಬಸ್ತಿಯವರು ಬೇಡಿಕೆ ಸಲ್ಲಿಸಿದರೆ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕು ಎಂದಿತು. ನಮ್ಮ ಊರಿನ ಹೊಸ ಬಡಾವಣೆಗಳವರು ಇದನ್ನು ನೆನಪಿಡಲಿ.

ಬದಲಾಗುತ್ತಿರುವ ನಿಯಮಗಳು

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರು ವರ್ಷದ ಶಾಲಾಪೂರ್ವ ಕಲಿಕೆಯನ್ನು ಒಂದು, ಎರಡನೇ ತರಗತಿಯೊಂದಿಗೆ ಸೇರಿಸಿ ಐದು ವರ್ಷದ ಬುನಾದಿ ಎಂದು ಕರೆಯಿತು. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂದಿತು. ನಮ್ಮ ರಾಜ್ಯ 2022ರ ಜುಲೈನಲ್ಲಿ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಆದೇಶಿಸಿತು. ಪಾಲಕರು ಗಾಬರಿಯಾದದ್ದರಿಂದ ಜಾರಿಯನ್ನು 2025-26ಕ್ಕೆ ಮುಂದೂಡಿತು. ಆ ವರ್ಷ ಬಂದಾಗ, 2025ರ ಏಪ್ರಿಲ್‌ನಲ್ಲಿ, ಯುಕೆಜಿ ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳು ಸಾಕು ಎಂದು ಸಡಿಲಿಸಿತು. ಇದು ಆ ಒಂದು ವರ್ಷಕ್ಕೆ ಮಾತ್ರ, ಮುಂದೆ ಆರು ವರ್ಷ ಕಡ್ಡಾಯ ಎಂದೂ ಆಗಲೇ ಹೇಳಿತು. ಆದ್ದರಿಂದ ಅವರಿವರ ಮಾತು ನಂಬಿ ಓಡಾಡಬೇಡಿ. ಆಯಾ ವರ್ಷದ ಸುತ್ತೋಲೆಯನ್ನು ಶಾಲೆಯಲ್ಲಿ ಅಥವಾ ಬಿಇಒ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಮಗು ಎಲ್‌ಕೆಜಿಗೆ ಸೇರುವಾಗಲೇ ಲೆಕ್ಕ ಹಾಕಿ. ಆರಕ್ಕೆ ಒಂದನೇ ತರಗತಿ ಎಂದರೆ ಐದಕ್ಕೆ ಯುಕೆಜಿ, ನಾಲ್ಕಕ್ಕೆ ಎಲ್‌ಕೆಜಿ.

ಎರಡನೇ ಬದಲಾವಣೆ ನಮ್ಮ ಭಾಗಕ್ಕೇ ಸಂಬಂಧಿಸಿದ್ದು. 2024-25ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ, ಮಕ್ಕಳೆಲ್ಲ ಅಲ್ಲಿಗೆ ಹೋದರೆ ನಮ್ಮ ಕೇಂದ್ರ ಉಳಿಯುವುದು ಹೇಗೆ ಎಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ನಂತರ ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ ನಡೆಸುವ ಮಾತು ಬಂತು. ಬೆಂಗಳೂರಿನ ಕೆಲವು ಅಂಗನವಾಡಿಗಳಲ್ಲಿ 'ಸರ್ಕಾರಿ ಮಾಂಟೆಸ್ಸರಿ' ಹೆಸರಿನಲ್ಲಿ ಆರಂಭವೂ ಆಯಿತು. ನಮಗೆ ಬೇಕಾದದ್ದು ಬೋರ್ಡಿನ ಹೆಸರಲ್ಲ. ಮಗುವಿಗೆ ಊಟ, ಚುಚ್ಚುಮದ್ದು, ಪಾಠ ಒಂದೇ ಸೂರಿನಡಿ ಸಿಗುತ್ತಿದೆಯೇ ಎಂದು ನೋಡಬೇಕು. ಶಾಲೆ ಬದಲಿಸುವ ಅವಸರದಲ್ಲಿ ಮೊಟ್ಟೆ, ಹಾಲು, ತೂಕ ತಪ್ಪಿಹೋಗಬಾರದು.

ಮೂರನೆಯದು ಅಮ್ಮಂದಿರಿಗೆ. ಮನೆಗೆ ಕೊಡುವ ಆಹಾರ ಪಡೆಯಲು 2025ರ ಜುಲೈ 1ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ಗುರುತಿಸುವ ಪದ್ಧತಿ ಬಂದಿದೆ. ಪರದೆಯ ಕಾರಣಕ್ಕೆ ಸಂಕೋಚಪಟ್ಟು ಆಹಾರ ಬಿಟ್ಟ ಸಹೋದರಿಯರಿದ್ದರೆ ಕೇಳಿ: ಹಜ್ಜಿನ ಪಾಸ್‌ಪೋರ್ಟಿಗೆ ಮುಖದ ಫೋಟೋ ಕೊಡುವಂತೆ, ಅಗತ್ಯಕ್ಕೆ ಗುರುತು ತೋರಿಸಲು ಶರೀಅತ್‌ನಲ್ಲಿ ಅವಕಾಶವಿದೆ. ಕಾರ್ಯಕರ್ತೆಯೂ ಹೆಂಗಸೇ. ಮೊಬೈಲ್ ನಂಬರ್ ಬದಲಾಗಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಉಸ್ತುವಾರಿ ಯಾರದು?

ಹಳ್ಳಿಯಲ್ಲಿ ಉತ್ತರ ಸುಲಭ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳಿವೆ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಅದರಲ್ಲೊಂದು. ಭಾಲ್ಕಿ, ಔರಾದ್ ತಾಲ್ಲೂಕಿನ ಹಳ್ಳಿಗಳವರು ಗ್ರಾಮಸಭೆಯಲ್ಲಿ ಎದ್ದು ನಿಂತು ಅಂಗನವಾಡಿಯ ಸೋರುವ ಮಾಳಿಗೆಯ ಬಗ್ಗೆ ಕೇಳಬಹುದು. ಮಕ್ಕಳಿಗಾಗಿಯೇ ಮಕ್ಕಳ ಗ್ರಾಮಸಭೆಯೂ ಇದೆ. ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ಪಂಚಾಯಿತಿಗಳು ನಡೆಸುವ 'ಕೂಸಿನ ಮನೆ' ಇದೆ.

ಪಟ್ಟಣದಲ್ಲಿ ಅಷ್ಟು ಸುಲಭವಲ್ಲ. ನಗರಾಡಳಿತಕ್ಕೆ ಇರುವ 12ನೇ ಅನುಸೂಚಿಯ 18 ವಿಷಯಗಳಲ್ಲಿ ಮಕ್ಕಳ ಅಭಿವೃದ್ಧಿ ಎಂಬ ಹೆಸರೇ ಇಲ್ಲ. ಹೀಗಾಗಿ ನಮ್ಮ ವಾರ್ಡ್ ಸದಸ್ಯರು ಅದು ಇಲಾಖೆಯ ಕೆಲಸ ಎನ್ನುತ್ತಾರೆ, ನಾವೂ ಸುಮ್ಮನಾಗುತ್ತೇವೆ. ಆದರೆ ನೀರು, ಚರಂಡಿ, ಕಸ, ಬೀದಿದೀಪ ಅವರದೇ. ಅಂಗನವಾಡಿಯ ಮುಂದೆ ಚರಂಡಿ ತುಂಬಿ ಹರಿದರೆ ಕೇಳಬೇಕಾದದ್ದು ಅವರನ್ನೇ.

ಎಲ್ಲಕ್ಕಿಂತ ಹತ್ತಿರದ ಉಸ್ತುವಾರಿ ಬಾಲವಿಕಾಸ ಸಮಿತಿ. ಪ್ರತಿ ಅಂಗನವಾಡಿಗೂ ಅದು ಇರುತ್ತದೆ. ಪಾಲಕರು ಅದರಲ್ಲಿ ಸದಸ್ಯರಾಗುತ್ತಾರೆ, ಮೊಟ್ಟೆ ಖರೀದಿಯಂಥ ಲೆಕ್ಕ ಅದರ ಮೂಲಕ ನಡೆಯುತ್ತದೆ. ಜುಮಾದಲ್ಲಿ ನಾನು ಕೇಳಿದೆ, ಇಲ್ಲಿ ಯಾರ ಮನೆಯವರಾದರೂ ಆ ಸಮಿತಿಯಲ್ಲಿದ್ದಾರೆಯೇ? ಒಂದು ಕೈಯೂ ಮೇಲೇಳಲಿಲ್ಲ.

ಗಂಜಿನಲ್ಲಿ ತೊಗರಿ, ಉದ್ದು ತೂಗುವಾಗ ತಕ್ಕಡಿಯ ಮೇಲೆ ನಾಲ್ಕು ಜನರ ಕಣ್ಣಿರುತ್ತದೆ. ತೂಕದಲ್ಲಿ ಮೋಸ ಮಾಡುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಇಡೀ ಸೂರಾ ಇದೆ ಎಂಬುದು ನಮಗೆಲ್ಲ ಗೊತ್ತು. ಆದರೆ ಅಂಗನವಾಡಿಯ ತಕ್ಕಡಿಯಲ್ಲಿ ಪ್ರತಿ ತಿಂಗಳು ನಮ್ಮ ಮಗುವನ್ನೇ ತೂಗುತ್ತಾರೆ. ಆ ತೂಕ ಎಷ್ಟು ಬಂತು ಎಂದು ನಮ್ಮಲ್ಲಿ ಎಷ್ಟು ಜನ ಅಬ್ಬಾಗಳಿಗೆ ಗೊತ್ತು? ಪ್ರತಿಯೊಬ್ಬರೂ ತಮ್ಮ ಕೈಕೆಳಗಿನವರ ಬಗ್ಗೆ ಅಲ್ಲಾಹನ ಮುಂದೆ ಉತ್ತರ ಕೊಡಬೇಕು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಮಗು ಅಮಾನತ್.

ಈ ತಿಂಗಳು ಮಾಡಬೇಕಾದದ್ದು

ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೂ ಬೇರೆ ಕಡೆಗೂ ಆ ಪ್ರಮಾಣಪತ್ರವೇ ಮುಖ್ಯ ದಾಖಲೆ. ಆದರೆ ವಯಸ್ಸಿನ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ ಹೇಳುತ್ತದೆ.

ಮೂರು ತುಂಬಿದ ಮಗುವನ್ನು ಅಂಗನವಾಡಿಗೆ ಕಳಿಸಿ, ತಿಂಗಳಿಗೊಮ್ಮೆ ಹೋಗಿ ತೂಕ ಕೇಳಿ. ಬಾಲವಿಕಾಸ ಸಮಿತಿಗೆ ಓಣಿಯಿಂದ ಒಬ್ಬರಾದರೂ ತಾಯಿ ಸೇರಲಿ. ಕೊರತೆ ಕಂಡರೆ ಮೊದಲು ಕಾರ್ಯಕರ್ತೆಗೆ, ನಂತರ ಮೇಲ್ವಿಚಾರಕಿಗೆ, ಆಮೇಲೆ ಸಿಡಿಪಿಒ ಕಚೇರಿಗೆ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ದೂರು ಕೊಡುವಾಗಲೂ ಅದಬ್ ಇರಲಿ. ಆ ಹೆಣ್ಣುಮಗಳು ಸಂಬಳವಲ್ಲ, ಗೌರವಧನ ಪಡೆದು ಅಷ್ಟೂ ಕೆಲಸ ಹೊತ್ತಿದ್ದಾಳೆ. ರೇಷನ್ ತಡವಾಗಿ ಬಂದರೆ ಅದು ಆಕೆಯ ತಪ್ಪಲ್ಲ.

ಆ ಹಮಾಲ ಭಾಯಿ ತಾರೀಖು ಬದಲಿಸಲಿಲ್ಲ. ಮರುದಿನ ಕೆಲಸಕ್ಕೆ ಹೋಗುವ ಮುಂಚೆ ಮಗಳ ಕೈಹಿಡಿದು ಅಂಗನವಾಡಿಗೆ ಬಿಟ್ಟುಬಂದರು. ಮೊದಲ ದಿನವೇ ತೂಗಿದಾಗ ವಯಸ್ಸಿಗೆ ತಕ್ಕ ತೂಕ ಇಲ್ಲ ಎಂದು ಗೊತ್ತಾಯಿತು. ಮನೆಯಲ್ಲೇ ಇದ್ದಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಆಕೆಗೆ ಮೊಟ್ಟೆ, ಹಾಲು ಸಿಗುತ್ತಿದೆ, ಡಾಕ್ಟರರಿಗೂ ತೋರಿಸಿದ್ದಾರೆ.

ಹಝ್ರತ್ ಉಮರ್(ರ) ಅವರಿಗೆ ಕೇಳಿಸಿದ ಆ ಅಳು ನಮ್ಮ ಓಣಿಯಲ್ಲೂ ನಮಗೆ ಕೇಳಿಸಲಿ. ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯ, ಇಲ್ಮ್ ಮತ್ತು ಒಳ್ಳೆಯ ಅಖ್ಲಾಕ್ ಕರುಣಿಸಲಿ. ಆಮೀನ್.