ಆರನೇ ಕ್ರಾಸಿನಿಂದ ಹದಿನೆಂಟನೇ ಕ್ರಾಸಿನವರೆಗೆ

ಬೀದರಿನ ಹುಡುಗಿಯಾಗಲಿ, ಚಾಮರಾಜನಗರದ ಹುಡುಗನಾಗಲಿ, ಎಸ್ಸೆಸ್ಸೆಲ್ಸಿ ಬರೆದವರ ಅಂಕಪಟ್ಟಿಗೆ ಬೆಂಗಳೂರಿನ ಮಲ್ಲೇಶ್ವರವೇ ಮೂಲ. ಪರೀಕ್ಷಾ ಮಂಡಳಿ ಇರುವುದು ಇಲ್ಲಿನ 6ನೇ ಕ್ರಾಸಿನಲ್ಲಿ. 18ನೇ ಕ್ರಾಸಿಗೆ ನಡೆದರೆ ಪದವಿಪೂರ್ವ ಶಿಕ್ಷಣ ಇಲಾಖೆ, ಸಿಇಟಿ ನಡೆಸುವ ಪ್ರಾಧಿಕಾರ. ನಾಡಿನ ಮಕ್ಕಳ ಭವಿಷ್ಯದ ಕಡತಗಳೆಲ್ಲ ಓಡಾಡುವ ಊರಿದು.

1898ರ ಪ್ಲೇಗಿನ ಬಳಿಕ ಕಟ್ಟಿದ ಈ ಬಡಾವಣೆ ಓದನ್ನೇ ಆಸ್ತಿ ಎಂದು ನಂಬಿತು. 1956ರಲ್ಲಿ ಎಂ.ಪಿ.ಎಲ್. ಶಾಸ್ತ್ರಿ ಎಂಇಎಸ್ ಸಂಸ್ಥೆ ಕಟ್ಟಿದರು. ಅದರ ಕಿಶೋರ ಕೇಂದ್ರ ಶಾಲೆಯಲ್ಲಿ ಮಗುವಿಗೆ ಸೀಟು ಸಿಕ್ಕರೆ ಮನೆಯಲ್ಲಿ ಹಬ್ಬ. ವಿಧಾನಸಭೆಗೂ ಮಲ್ಲೇಶ್ವರ ಕ್ಷೇತ್ರ ಸಾಮಾನ್ಯರನ್ನು ಕಳಿಸಿಲ್ಲ. 1994ರಲ್ಲಿ ನಟ ಅನಂತನಾಗ್ ಗೆದ್ದರು, ಮಂತ್ರಿಯಾದರು. 1999 ಮತ್ತು 2004ರಲ್ಲಿ ಗೆದ್ದ ಎಂ.ಆರ್. ಸೀತಾರಾಮ್ ಅವರದು ರಾಮಯ್ಯ ವಿದ್ಯಾಸಂಸ್ಥೆಗಳನ್ನು ಕಟ್ಟಿದ ಮನೆತನ. 2008ರಿಂದ ನಾಲ್ಕು ಬಾರಿ ಗೆದ್ದಿರುವ ಡಾ. ಸಿ.ಎನ್. ಅಶ್ವತ್ಥನಾರಾಯಣ ಉನ್ನತ ಶಿಕ್ಷಣ ಸಚಿವರೂ ಆಗಿದ್ದರು; 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ ಜಾರಿಗೆ ತಂದದ್ದು ಅವರ ಕಾಲದಲ್ಲೇ.

ಇಷ್ಟಿದ್ದೂ ನನ್ನನ್ನು ಕಾಡುವ ಒಂದು ಸಂಗತಿಯಿದೆ. ಕ್ಷೇತ್ರವೆಂದರೆ ಸಂಪಿಗೆ ರಸ್ತೆಯೊಂದೇ ಅಲ್ಲ. ರಾಜಮಹಲ್ ಗುಟ್ಟಹಳ್ಳಿ, ಮತ್ತಿಕೆರೆ, ಸುಬ್ರಹ್ಮಣ್ಯನಗರ, ಗಾಯತ್ರಿನಗರಗಳೂ ಸೇರಿವೆ. ಬೆಳಗಾಗುತ್ತಲೇ ಪರರ ಮನೆಯ ಪಾತ್ರೆ ತೊಳೆಯಲು ಹೊರಡುವ ತಾಯಂದಿರೂ ಇಲ್ಲಿನ ಮತದಾರರೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಅವರ ಮಕ್ಕಳಿಗೆ ಖಾಸಗಿ ಶಾಲೆಯ ಶೇ. 25ರಷ್ಟು ಸೀಟುಗಳ ಬಾಗಿಲು ತೆರೆದಿತ್ತು. ವಾರ್ಡಿನಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿಯವರು ಆ ಸೀಟು ಕೊಡಬೇಕಿಲ್ಲ ಎಂದು 2019ರಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿತು. ಅಂಥ ಶಾಲೆಯೇ ಇಲ್ಲದ ವಾರ್ಡು ನಗರದ ಹಳೆಯ ಬಡಾವಣೆಗಳಲ್ಲಿ ಅಪರೂಪ. ಬಾಗಿಲು ಹೆಚ್ಚೂಕಡಿಮೆ ಮುಚ್ಚಿತು. ಸರ್ಕಾರಿ ಶಾಲೆಗಳನ್ನು ಉಳಿಸಲೆಂದೇ ಹೀಗೆ ಮಾಡಿದೆವೆಂಬ ವಾದದಲ್ಲಿ ಹುರುಳಿದೆ. ಆದರೆ ಬಾಗಿಲು ಮುಚ್ಚಿದ ಮೇಲೆ ಸರ್ಕಾರಿ ಶಾಲೆಗೆ ಸಾಕಷ್ಟು ಶಿಕ್ಷಕರು, ಶುಚಿಯಾದ ಶೌಚಾಲಯ ಒದಗಿಸುವ ಹೊಣೆಯೂ ಮುಚ್ಚಿದವರ ಮೇಲೆಯೇ ಬೀಳುತ್ತದೆ.

ಆ ಹೊಣೆಯನ್ನು ಕೇಳಲು ಜನಕ್ಕೆ ಹತ್ತಿರದಲ್ಲಿ ಯಾರಿದ್ದಾರೆ? 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇಲ್ಲ. ಸೋರುವ ಚಾವಣಿಯಿಂದ ವರ್ಗಾವಣೆಯಾದ ಮೇಷ್ಟ್ರವರೆಗೆ ಎಲ್ಲಕ್ಕೂ ಶಾಸಕರ ಕಚೇರಿಯೇ ಗತಿ. ಸರ್ಕಾರಿ ಕಾಲೇಜುಗಳ ಅಭಿವೃದ್ಧಿ ಸಮಿತಿಗೂ ಸ್ಥಳೀಯ ಶಾಸಕರೇ ಅಧ್ಯಕ್ಷರು. ವರ್ಷಕ್ಕೆ 2 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಕೊಠಡಿ ಕಟ್ಟಿಸಬಹುದು, ಮೇಷ್ಟ್ರನ್ನು ನೇಮಿಸಲಾಗದು. ನೇಮಕಾತಿ ಸರ್ಕಾರದ ಕೈಯಲ್ಲಿದೆ.

ಆದ್ದರಿಂದ ನನ್ನ ಮಟ್ಟಿಗೆ ಶಾಸಕರ ಬಲವಿರುವುದು ನಿಧಿಯಲ್ಲಲ್ಲ, ಸದನದಲ್ಲಿ. ಅವರು ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಲಿ: ಮಲ್ಲೇಶ್ವರ ಕ್ಷೇತ್ರದ ಸರ್ಕಾರಿ ಶಾಲೆಗಳಲ್ಲಿ ಖಾಲಿಯಿರುವ ಶಿಕ್ಷಕರ ಹುದ್ದೆಗಳೆಷ್ಟು, 2019ರ ಬಳಿಕ ಇಲ್ಲಿನ ಖಾಸಗಿ ಶಾಲೆಗಳಿಗೆ ಶಿಕ್ಷಣ ಹಕ್ಕಿನಡಿ ಸೇರಿದ ಮಕ್ಕಳೆಷ್ಟು? ಶಿಕ್ಷಣ ಸಚಿವರು ಎದ್ದುನಿಂತು ಉತ್ತರಿಸಬೇಕಾಗುತ್ತದೆ. ಆ ಉತ್ತರವನ್ನು ಗುಟ್ಟಹಳ್ಳಿಯ ತಾಯಂದಿರ ಸಭೆಯಲ್ಲಿ ಓದಿಹೇಳಲಿ.