ಕುಸನೂರು ಕಲಿಸಿದ ಅರಣ್ಯಪಾಠ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಎಡೆಯಲ್ಲಿವೆ. ಮುಂಡಗೋಡದ ದಟ್ಟ ಕಾಡು ಹಾನಗಲ್ಲ, ಶಿಗ್ಗಾಂವಿಗಳತ್ತ ಬಂದಂತೆ ತೆಳುವಾಗಿ, ಸವಣೂರಿನ ಕಡೆಗೆ ಹೋದಂತೆ ಹೊಲಗಳಲ್ಲಿ ಕರಗಿಹೋಗುತ್ತದೆ. ಇಂತಹ ಸೀಮೆಯಲ್ಲಿ ಅರಣ್ಯವೆಂದರೆ ಆನೆ, ಹುಲಿಗಳ ಗೊಂಡಾರಣ್ಯವಲ್ಲ. ಊರಂಚಿನ ಕುರುಚಲು ಗುಡ್ಡ, ದನ ಮೇಯುವ ಬೀಳು, ಬಡ ತಾಯಂದಿರು ಉರುವಲು ಆಯುವ ನೆಲ. ಈ ನೆಲ ಯಾರದು? ಈ ಪ್ರಶ್ನೆಗೆ ಹಾನಗಲ್ಲ ತಾಲೂಕಿನ ಕುಸನೂರು ಒಮ್ಮೆ ಉತ್ತರ ನೀಡಿತು. ನಮ್ಮ ಮಕ್ಕಳು ಅದನ್ನು ಅರಿತಿರಬೇಕು.

1984ರಲ್ಲಿ ಕರ್ನಾಟಕ ಸರ್ಕಾರವು ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೊಡನೆ ಒಪ್ಪಂದ ಮಾಡಿಕೊಂಡು ‘ಕರ್ನಾಟಕ ಪಲ್ಪ್‌ವುಡ್ಸ್’ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿತು. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತಯಾರಿಸುವ ಆ ಕಾರ್ಖಾನೆಗೆ ನೀಲಗಿರಿ ಮರ ಬೇಕಾಗಿತ್ತು. ಅದನ್ನು ಬೆಳೆಸಲು ನಾಲ್ಕು ಜಿಲ್ಲೆಗಳಲ್ಲಿ ಗುರುತಿಸಿದ ಭೂಮಿ 30,000 ಹೆಕ್ಟೇರ್. ಕಡತಗಳಲ್ಲಿ ಅದು ‘ಸಿ ಮತ್ತು ಡಿ ವರ್ಗ’ದ ಭೂಮಿ, ಅರ್ಥಾತ್ ಪಾಳು ನೆಲ, ಹಳ್ಳಿಗರ ಪಾಲಿಗೋ ಮೇವು, ಸೌದೆಗಳ ಆಸರೆ. ನೀಲಗಿರಿಯ ಎಲೆಯನ್ನು ದನಕರುಗಳು ಮೂಸಿಯೂ ನೋಡುವುದಿಲ್ಲ ಎಂಬುದನ್ನು ಬಲ್ಲವರಿಗೆ ಈ ಯೋಜನೆಯ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಹಳ್ಳಿಗರನ್ನು ಸಂಘಟಿಸಿದರು. ಡಾ. ಶಿವರಾಮ ಕಾರಂತರು ಮತ್ತಿತರರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ ಸುಮಾರು 2000 ಜನ ಸೇರಿದರು. ಅಹಿಂಸೆಯ ಪ್ರತಿಜ್ಞೆ ಕೈಗೊಂಡು, ಮೆರವಣಿಗೆಯಲ್ಲಿ ನಡುತೋಪಿಗೆ ಹೋಗಿ, ನೀಲಗಿರಿ ಸಸಿಗಳನ್ನು ಕಿತ್ತರು. ಅಷ್ಟಕ್ಕೇ ಮನೆಗೆ ಮರಳಲಿಲ್ಲ. ಕಿತ್ತ ಜಾಗದಲ್ಲಿ ಹಣ್ಣು ಕೊಡುವ, ಮೇವು ಕೊಡುವ ಸಸಿಗಳನ್ನು ನೆಟ್ಟರು. ಆದುದರಿಂದಲೇ ಅದಕ್ಕೆ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹವೆಂಬ ಹೆಸರು ಬಂತು. 1991ರಲ್ಲಿ ಕಂಪನಿಯನ್ನು ಮುಚ್ಚಲಾಯಿತು.

ಇದು ಪರದೇಶದ ಮರದ ಮೇಲಿನ ದ್ವೇಷವೆಂದು ಯಾರೂ ಭಾವಿಸಬಾರದು. ಸವಣೂರಿನಲ್ಲಿ ಜನ ‘ದೊಡ್ಡ ಹುಣಸೆ’ ಎಂದು ಕರೆಯುವ ಬೃಹತ್ ಬಾವೊಬಾಬ್ ವೃಕ್ಷಗಳ ತವರು ಆಫ್ರಿಕಾ. ಆದರೂ ತಲೆಮಾರುಗಳಿಂದ ಜನ ಅವುಗಳನ್ನು ಮನೆಯ ಹಿರಿಯರಂತೆ ಕಂಡಿದ್ದಾರೆ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ನೆಲಕ್ಕುರುಳಿದಾಗ ಅದನ್ನು ಮತ್ತೆ ನೆಟ್ಟು ನಿಲ್ಲಿಸಲಾಯಿತು. ಕುಸನೂರಿನವರು ಕೇಳಿದ್ದು ಮರ ಎಲ್ಲಿಂದ ಬಂತು ಎಂದಲ್ಲ. ಅದು ಯಾರಿಗಾಗಿ ಬೆಳೆಯುತ್ತಿದೆ, ಅದನ್ನು ನಿರ್ಧರಿಸಿದವರು ಯಾರು ಎಂದು.

ಈ ಪ್ರಶ್ನೆಗೆ ತತ್ತ್ವಶಾಸ್ತ್ರದಲ್ಲಿಯೂ ಹಳೆಯ ಬೇರುಗಳಿವೆ. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು, ವಸ್ತುಗಳ ಒಡೆತನ ಮತ್ತು ಆಡಳಿತ ಒಬ್ಬೊಬ್ಬರದಾಗಿರಬಹುದು, ಆದರೆ ಅವುಗಳ ಬಳಕೆಯಲ್ಲಿ ಅವು ಎಲ್ಲರಿಗೂ ಸೇರಿದವೆಂದೇ ಎಣಿಸಬೇಕು ಎಂದು ಬೋಧಿಸಿದರು. 1968ರಲ್ಲಿ ಅಮೆರಿಕದ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್, ಎಲ್ಲರಿಗೂ ತೆರೆದಿಟ್ಟ ಹುಲ್ಲುಗಾವಲು ಪ್ರತಿಯೊಬ್ಬನ ಸ್ವಾರ್ಥದಿಂದ ಹಾಳಾಗುವುದು ಅನಿವಾರ್ಯವೆಂದು ವಾದಿಸಿದನು. ಆದರೆ ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ ಅನೇಕ ದೇಶಗಳ ಕಾಡು, ಮೀನುಗಾರಿಕೆ, ನೀರಾವರಿಗಳನ್ನು ಅಭ್ಯಸಿಸಿ, ಬಳಸುವವರೇ ಕೂಡಿ ಕಟ್ಟಳೆ ಮಾಡಿಕೊಂಡು, ತಾವೇ ಕಾವಲಿದ್ದು, ತಪ್ಪಿದವರಿಗೆ ತಾವೇ ದಂಡ ವಿಧಿಸುವಲ್ಲಿ ಸಾಮುದಾಯಿಕ ಸಂಪತ್ತು ಶತಮಾನಗಳ ಕಾಲ ಉಳಿದಿದೆಯೆಂದು ತೋರಿಸಿಕೊಟ್ಟರು. ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಸರ್ಕಾರವೂ ನಿಧಾನವಾಗಿ ಈ ದಾರಿಗೆ ಬಂದಿದೆ. 1988ರ ರಾಷ್ಟ್ರೀಯ ಅರಣ್ಯ ನೀತಿಯು ಕಾಡಂಚಿನ ಜನರ ಅಗತ್ಯಗಳನ್ನು ಮಾನ್ಯಮಾಡಿತು. 1993ರಲ್ಲಿ ಕರ್ನಾಟಕದಲ್ಲಿ ಗ್ರಾಮ ಅರಣ್ಯ ಸಮಿತಿಗಳಿಗೆ ಅವಕಾಶವಾಯಿತು; ಆದರೆ ತೀರ್ಮಾನದ ಅಧಿಕಾರ ಬಹುಮಟ್ಟಿಗೆ ಇಲಾಖೆಯ ಬಳಿಯೇ ಉಳಿಯಿತು. 2006ರ ಅರಣ್ಯ ಹಕ್ಕು ಕಾಯಿದೆಯು ಒಂದು ಹೆಜ್ಜೆ ಮುಂದೆ ಹೋಗಿ, ಸಾಮುದಾಯಿಕ ಅರಣ್ಯವನ್ನು ರಕ್ಷಿಸಿ ನಿರ್ವಹಿಸುವ ಹಕ್ಕನ್ನು ಗ್ರಾಮಸಭೆಗೆ ನೀಡಿದೆ.

ಹಕ್ಕಿಲ್ಲದ ಹೊಣೆ ಬಿಟ್ಟಿ ಚಾಕರಿ; ಹೊಣೆಯಿಲ್ಲದ ಹಕ್ಕು ಲೂಟಿ. ಕಂಪನಿಯಿಂದ ಉಳಿದ ನೆಲವನ್ನು ನಾವೇ ಒತ್ತುವರಿ ಮಾಡಿದರೆ, ಬೇಸಗೆಯಲ್ಲಿ ಹುಲ್ಲಿಗೆ ಕಿಚ್ಚಿಟ್ಟರೆ, ಎಳೆಯ ಸಸಿ ಚಿಗುರುವ ಮುನ್ನವೇ ಆಡು, ದನಗಳನ್ನು ನುಗ್ಗಿಸಿದರೆ, ಕಿತ್ತವರಾಗುತ್ತೇವೆಯೇ ಹೊರತು ಹಚ್ಚಿದವರಾಗುವುದಿಲ್ಲ. ಕಾಡನ್ನು ಬಾಳಿಸುವ ಶಾಸ್ತ್ರ ಕಠಿಣವಾದುದೇನಲ್ಲ. ಒಂದು ವರ್ಷದಲ್ಲಿ ಬೆಳೆದುದಕ್ಕಿಂತ ಹೆಚ್ಚು ಕಡಿಯಬಾರದು. ಗುಡ್ಡದ ಒಂದು ಭಾಗಕ್ಕೆ ಸರದಿಯಂತೆ ವಿರಾಮ ಕೊಡಬೇಕು. ಬೆಂಕಿ ಹಬ್ಬದಂತೆ ಮೊದಲೇ ಹುಲ್ಲು ಸವರಿ ಗಡಿ ಬಿಡಬೇಕು. ಒಂದೇ ಜಾತಿಯ ಮರಕ್ಕೆ ಬದಲಾಗಿ ಮಾವು, ನೇರಳೆ, ಹೊಂಗೆ, ಬೇವು ಕೂಡಿ ಬೆಳೆಯಬೇಕು.

ಇದರ ಫಲ ಗುಡ್ಡದ ಮೇಲಷ್ಟೇ ನಿಲ್ಲುವುದಿಲ್ಲ. ಮುಂಡಗೋಡದ ಕಾಡಿನ ಮಳೆಯೇ ಧರ್ಮಾ ಜಲಾಶಯವನ್ನು ತುಂಬಿ ಹಾನಗಲ್ಲಿನ ಗದ್ದೆಗಳಿಗೆ ಹರಿಯುತ್ತದೆ. ಹಿರೇಕೆರೂರು ಸೀಮೆಯಲ್ಲಿ ಕುಮುದ್ವತಿಗೆ ಅಡ್ಡಲಾಗಿ ಬೆಟ್ಟಗಳ ನಡುವೆ ಕಟ್ಟಿದ ಮದಗ ಮಾಸೂರು ಕೆರೆಗೆ ನೀರು ಬರಬೇಕೋ ಹೂಳು ಬರಬೇಕೋ ಎಂಬುದನ್ನು ನಿರ್ಧರಿಸುವುದು ಮೇಲಿನ ಗುಡ್ಡಗಳ ಹಸಿರು.

ಆದಿಕಾಂಡದಲ್ಲಿ ದೇವರು ಮಾನವನನ್ನು ತೋಟದಲ್ಲಿರಿಸಿದ್ದು ಅದನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ. ಈ ಎರಡು ಕೆಲಸಗಳನ್ನು ಬೇರ್ಪಡಿಸಲಾಗದೆಂದು ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ನೆನಪಿಸಿದರು. ಆದುದರಿಂದ ಗ್ರಾಮಸಭೆ ಕರೆದ ದಿನ ನಮ್ಮ ಕುಟುಂಬಗಳು ಮನೆಯಲ್ಲಿ ಕೂರದಿರಲಿ. ಊರ ಗುಡ್ಡದ ಮಾತು ಬಂದಾಗ ತಾಯಂದಿರೂ ಎದ್ದು ಮಾತಾಡಲಿ. ಸೌದೆಯ ಹೊರೆಯ ಭಾರವನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾರು? ಮೊದಲ ಮಳೆ ಬಿದ್ದೊಡನೆ ಪ್ರತಿ ಮನೆಯಿಂದ ಒಂದು ಸಸಿ ಆ ಗುಡ್ಡಕ್ಕೆ ಹೋಗಲಿ, ಮುಂದಿನ ಮೂರು ಬೇಸಗೆ ಅದಕ್ಕೆ ನೀರೆರೆಯುವ ಕೈಯೂ ಅದೇ ಮನೆಯದಾಗಿರಲಿ.