ಪಡಸಾಲೆಯಲ್ಲಿ ಮೋಟಾರ್ ಸೈಕಲ್, ಅಟ್ಟದ ಮೇಲೆ ಕೊಬ್ಬರಿ

ಹುಳಿಯಾರು ಸೀಮೆಯ ಯಾವ ಹಳ್ಳಿಗೇ ಆಗಲಿ ರಾತ್ರಿ ಒಂಬತ್ತು ಗಂಟೆಯ ಮೇಲೆ ಹೋಗಿ ನೋಡಿ. ಊಟ ಮುಗಿದಿರುತ್ತದೆ, ಹಾಸಿಗೆ ಹಾಸಿರುತ್ತದೆ. ಮನೆಯ ಯಜಮಾನನೋ ಅವನ ಮಗನೋ ಹೊಸಿಲಿಗೆ ಒಂದು ಹಲಗೆ ಆನಿಸಿ, ಮೋಟಾರ್ ಸೈಕಲ್ಲನ್ನು ಪಡಸಾಲೆಗೆ ನೂಕಿ, ಸ್ಟ್ಯಾಂಡು ಹಾಕಿ, ಬಾಗಿಲಿಗೆ ಅಗಳಿ ಹಾಕುತ್ತಾನೆ. ಹಿಂದೆ ಎತ್ತುಗಳು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಬೈಕು ನಿಲ್ಲುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಗಾಡಿಗಳು ಹೊರಬರತೊಡಗಿದವು. 1973ರಿಂದ ಅವಕ್ಕೆ ಯೆಜ್ದಿ ಎಂಬ ಹೆಸರು ಬಂತು. ಆಗ ಊರಿಗೆ ಒಂದು ಗಾಡಿ ಇದ್ದರೆ ಹೆಚ್ಚು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಬೈಕು ಮಾತ್ರ ಮನೆಮನೆಗೂ ಬಂತು. ಡೇರಿಗೆ ಹಾಲು ಹಾಕಲು, ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೋಗಿಬರಲು, ತೋಟಕ್ಕೆ ಗೊಬ್ಬರದ ಚೀಲ ಸಾಗಿಸಲು ಎಲ್ಲಕ್ಕೂ ಅದೇ ಬೇಕು.

ಇಂಥ ವಸ್ತುವನ್ನು ಒಳಗೆ ಇಟ್ಟುಕೊಂಡರೆ ತಪ್ಪೇನು ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಹೊರಗೆ ಬಿಟ್ಟರೆ ಕಳ್ಳರ ಭಯ, ಪೆಟ್ರೋಲು ಇಳಿಸಿಕೊಳ್ಳುವವರ ಕಾಟ, ಮಳೆ, ಇಬ್ಬನಿ. ತೆಂಗಿನ ಮರದ ಕೆಳಗೆ ನಿಲ್ಲಿಸೋಣವೆಂದರೆ ಒಣಗಿದ ಗರಿ ಯಾವಾಗ ಬೀಳುತ್ತದೋ, ಕಾಯಿ ಯಾವಾಗ ಉದುರುತ್ತದೋ ಹೇಳಲಾಗದು. ಆದ್ದರಿಂದ ಗಾಡಿಯನ್ನು ಹೊರಗೇ ಬಿಡಿ ಎಂದು ಈ ಲೇಖನ ಹೇಳುವುದಿಲ್ಲ. ಎಲ್ಲಿ ನಿಲ್ಲಿಸಬೇಕು, ಹೇಗೆ ನಿಲ್ಲಿಸಬೇಕು ಎಂಬುದಷ್ಟೇ ಇಲ್ಲಿನ ವಿಚಾರ.

ಹಿರಿಯರ ಕಟ್ಟಡದ ಜಾಣತನ

ದನ ಕಟ್ಟುವ ಹಳೆಯ ಮನೆಗಳನ್ನು ಗಮನಿಸಿ. ತಲೆಬಾಗಿಲು ದಾಟಿದೊಡನೆ ಸಿಗುವ ಕೊಟ್ಟಿಗೆಯ ನೆಲ ತಗ್ಗಿನಲ್ಲಿರುತ್ತದೆ. ಮನೆಯವರು ಮಲಗುವ, ಉಣ್ಣುವ ಜಾಗ ಒಂದು ಮೆಟ್ಟಿಲು ಎತ್ತರದಲ್ಲಿರುತ್ತದೆ. ಗಂಜಲವು ಒಳಮನೆಯತ್ತ ಹರಿಯದೆ ಹೊರಗಿನ ಗುಂಡಿಗೆ ಇಳಿಯಲು ಬಚ್ಚಲಿನಂಥ ಕಾಲುವೆ ಇರುತ್ತದೆ. ಒಲೆ ಅಲ್ಲಿಂದ ದೂರದಲ್ಲಿರುತ್ತದೆ.

ಎತ್ತಿನ ಜಾಗಕ್ಕೆ ಬೈಕು ಬಂದಾಗ ನಾವು ಈ ವ್ಯವಸ್ಥೆಯನ್ನು ಕೈಬಿಟ್ಟೆವು. ಹೊಸ ಮನೆಗಳಲ್ಲಿ ಪಡಸಾಲೆ, ಅಡಿಗೆಮನೆ, ಮಲಗುವ ಕೋಣೆ ಎಲ್ಲವೂ ಒಂದೇ ಮಟ್ಟದ ನೆಲ. ಮಧ್ಯೆ ಹೊಸಿಲೂ ಇಲ್ಲ. ಎತ್ತಿಗೆ ಬೇಕಾಗಿದ್ದ ತಗ್ಗು, ಹೊಸಿಲು, ಕಾಲುವೆಗಳು ಬೈಕಿಗೆ ಇನ್ನೂ ಹೆಚ್ಚಾಗಿ ಬೇಕು. ಅದಕ್ಕೆ ಕಾರಣ ಪೆಟ್ರೋಲಿನ ಗುಣ.

ಪೆಟ್ರೋಲು ಸೀಮೆಎಣ್ಣೆಯಲ್ಲ

ಸೀಮೆಎಣ್ಣೆ ನಮ್ಮ ಕಡುಬೇಸಿಗೆಯ ಶಾಖ ತಲುಪುವವರೆಗೆ ಹತ್ತಿಕೊಳ್ಳುವಷ್ಟು ಆವಿಯನ್ನು ಬಿಡುವುದಿಲ್ಲ. ಪೆಟ್ರೋಲು ಹಾಗಲ್ಲ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಅದು ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಮಾಗಿಯ ಚಳಿ ಅದಕ್ಕೆ ಲೆಕ್ಕವೇ ಅಲ್ಲ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಆವಿ ಬೆರೆತಿದ್ದರೂ ಒಂದು ಕಿಡಿ ಸಾಕು.

ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇರಿ ಹೆಂಚಿನ ಸಂದಿಯಲ್ಲಿ ಹೊರಹೋಗುವುದಿಲ್ಲ. ನೀರಿನಂತೆ ನೆಲದ ಮೇಲೆ ಹರಡಿ ತಗ್ಗಿನತ್ತ ಸಾಗುತ್ತದೆ. ನಮ್ಮ ಸೌದೆ ಒಲೆ ಇರುವುದು ನೆಲದಲ್ಲಿ. ದೇವರ ಮುಂದಿನ ದೀಪ, ಸೊಳ್ಳೆಬತ್ತಿ, ಬೀಡಿಯ ತುಂಡು ಇರುವುದೂ ನೆಲಕ್ಕೆ ಹತ್ತಿರದಲ್ಲಿಯೇ. ಬೈಕು ಒಂದು ಮೂಲೆಯಲ್ಲಿ, ಒಲೆ ಇನ್ನೊಂದು ಮೂಲೆಯಲ್ಲಿ ಇದೆ ಎಂದು ನೆಮ್ಮದಿಯಾಗಿರುವಂತಿಲ್ಲ.

ಮುಚ್ಚಿದ ಟ್ಯಾಂಕಿನಿಂದ ಪೆಟ್ರೋಲು ಹೊರಬರುವುದು ಹೇಗೆ? ಮೂರು ದಾರಿಗಳಿವೆ.

ಮೊದಲನೆಯದು ಕಾರ್ಬೊರೇಟರ್. ಹಳೆಯ ಗಾಡಿಗಳಲ್ಲಿ ಕಾರ್ಬೊರೇಟರಿನೊಳಗೆ ತೇಲುವ ಬಿರಡೆಯೊಂದಿದ್ದು, ಬೇಕಾದಷ್ಟು ಪೆಟ್ರೋಲು ತುಂಬಿದೊಡನೆ ಅದು ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ. ಸೂಜಿಗೆ ಕಸ ಸಿಕ್ಕಿಕೊಂಡರೆ ದಾರಿ ಮುಚ್ಚುವುದಿಲ್ಲ. ಪೆಟ್ರೋಲ್ ಕಾಕ್ ತಿರುಗಿಸದೆ ಮಲಗಿದರೆ ರಾತ್ರಿಯಿಡೀ ಪೆಟ್ರೋಲು ತೊಟ್ಟಿಕ್ಕುತ್ತಲೇ ಇರಬಹುದು.

ಎರಡನೆಯದು ರಬ್ಬರ್ ಕೊಳವೆ. ಕೊಬ್ಬರಿ ಇರುವ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ. ಇಲಿ ಕೊಬ್ಬರಿಯನ್ನಷ್ಟೇ ಅಲ್ಲ, ಗಾಡಿಯ ವೈರು ಮತ್ತು ಪೆಟ್ರೋಲ್ ಕೊಳವೆಯನ್ನೂ ಕಡಿಯುತ್ತದೆ. ಇದರ ಜೊತೆಗೆ, 2023ರಿಂದ ಬಂಕುಗಳಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲು ಬರತೊಡಗಿದೆ. ಅದಕ್ಕೆಂದು ತಯಾರಾಗದ ಹಳೆಯ ಗಾಡಿಗಳಲ್ಲಿ ರಬ್ಬರಿನ ಭಾಗಗಳು ಬೇಗ ಸವೆಯುತ್ತವೆ.

ಮೂರನೆಯದು ಕಂಠಪೂರ್ತಿ ತುಂಬಿಸುವ ಅಭ್ಯಾಸ. ಪೆಟ್ರೋಲು ಬಿಸಿಯಾದಂತೆ ಹಿಗ್ಗುತ್ತದೆ. 10 ಲೀಟರು ಪೆಟ್ರೋಲಿಗೆ 20 ಡಿಗ್ರಿ ಶಾಖ ಏರಿದರೆ ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟು ಹೆಚ್ಚಾಗುತ್ತದೆ. ಟ್ಯಾಂಕಿನಲ್ಲಿ ಜಾಗವಿಲ್ಲದಿದ್ದರೆ ಅದು ಹೊರಗೆ ಬರಲೇಬೇಕು.

ನಮ್ಮ ಸೀಮೆಗೇ ವಿಶೇಷವಾದ ಅಪಾಯ

ಬೇರೆ ಸೀಮೆಯ ಮನೆಗಳಿಗೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಿಗೂ ಒಂದು ಭೇದವಿದೆ. ನಮ್ಮಲ್ಲಿ ತಲೆಯ ಮೇಲೆ ಅಟ್ಟ ಇರುತ್ತದೆ. ಉಂಡೆ ಕೊಬ್ಬರಿಗಾಗಿ ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಅಲ್ಲಾಡುವವರೆಗೆ ಹತ್ತು ಹನ್ನೆರಡು ತಿಂಗಳು ಕಾಯುತ್ತೇವೆ. ಗಾಳಿಯಾಡಲೆಂದು ಅಟ್ಟದ ತಳದಲ್ಲಿ ಸಂದು ಬಿಟ್ಟಿರುತ್ತೇವೆ. ಕೆಳಗೆ ಎದ್ದ ಜ್ವಾಲೆಗೆ ಆ ಸಂದುಗಳೇ ದಾರಿ. ಮೇಲಿರುವುದು ಒಣಗಿದ ನಾರು, ಒಣಗಿದ ಚಿಪ್ಪು, ಅದರೊಳಗೆ ನೂರಕ್ಕೆ ಅರವತ್ತು ಪಾಲಿಗೂ ಮಿಕ್ಕಿ ಎಣ್ಣೆಯಿರುವ ಕೊಬ್ಬರಿ.

ಲೆಕ್ಕ ಹಾಕೋಣ. ಅಟ್ಟದಲ್ಲಿ ಹತ್ತು ಸಾವಿರ ಕಾಯಿ ಇದೆ, ಕಾಯಿಗೆ 150 ಗ್ರಾಂ ಕೊಬ್ಬರಿ ಎಂದು ಹಿಡಿಯಿರಿ. 15 ಕ್ವಿಂಟಲ್ ಆಯಿತು. 2025ರ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ಲೆಕ್ಕದಲ್ಲೇ 1,81,500 ರೂಪಾಯಿ. ಮಾರುಕಟ್ಟೆ ಏರಿದಾಗ ಇನ್ನೂ ಹೆಚ್ಚು. ಬೈಕನ್ನು ಕಾಪಾಡಲು ಹೋಗಿ ಅದಕ್ಕಿಂತ ಬೆಲೆಬಾಳುವ ವರ್ಷದ ಫಸಲನ್ನು ಬೆಂಕಿಯ ಬಾಯಿಗೆ ಒಡ್ಡುವುದು ಲಾಭದ ಬಾಬಲ್ಲ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಬೈಕು ನಿಲ್ಲುವುದು ತಲೆಬಾಗಿಲ ಬಳಿ. ಬೆಂಕಿ ಎದ್ದರೆ ಮೊದಲು ಮುಚ್ಚಿಹೋಗುವುದು ಮನೆಯವರು ಹೊರಗೆ ಓಡುವ ದಾರಿ. ಹಿತ್ತಿಲ ಬಾಗಿಲಿಗೆ ಕೊಬ್ಬರಿ ಚೀಲ ಒಟ್ಟಿದ್ದರೆ ವಯಸ್ಸಾದವರು, ಮಕ್ಕಳು ಯಾವ ಕಡೆಗೆ ಹೋಗಬೇಕು?

ಕಣ್ಣಿಗೆ ಕಾಣದ ವಿಷ

ಬೆಳಗಿನ ಚಳಿಯಲ್ಲಿ ಗಾಡಿ ಬೇಗ ಚಾಲೂ ಆಗುವುದಿಲ್ಲವೆಂದು ಪಡಸಾಲೆಯಲ್ಲೇ ಚೋಕ್ ಎಳೆದು, ಕಿಕ್ ಹೊಡೆದು, ಎಂಜಿನ್ ಬಿಸಿಯಾಗಲು ಬಿಡುವವರಿದ್ದಾರೆ. ಈ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಪ್ರಾಣವಾಯುವನ್ನು ಹೊರದಂತೆ ಅದು ಮಾಡುತ್ತದೆ. ಚೋಕ್ ಎಳೆದಾಗ ಅದರ ಪ್ರಮಾಣ ಹೆಚ್ಚು. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಮಿತಿಮೀರಿದರೆ ಎಚ್ಚರ ತಪ್ಪಿ ಪ್ರಾಣಕ್ಕೇ ಅಪಾಯ. ತೊಟ್ಟಿಲ ಕೂಸಿಗೆ, ಗರ್ಭಿಣಿಗೆ, ಉಬ್ಬಸದ ಮುದುಕರಿಗೆ ಇದರ ಪೆಟ್ಟು ಹೆಚ್ಚು. ಒಳಗೆ ಎಂಜಿನ್ ಚಾಲೂ ಮಾಡಲೇಬಾರದು. ಅಂಗಳಕ್ಕೆ ನೂಕಿಕೊಂಡು ಹೋಗಿ ಕಿಕ್ ಹೊಡೆಯಿರಿ.

ಎಲ್ಲಕ್ಕಿಂತ ಒಳ್ಳೆಯದು ಹೊರಗಿನ ಸೂರು

ಅನುಕೂಲವಿದ್ದವರು ಮನೆಯ ಹೊರಗೋಡೆಗೆ ತಾಗಿದಂತೆ ಇಳಿಜಾರಿನ ಒಂದು ಸೂರು ಇಳಿಸುವುದು ಉತ್ತಮ. ಬೈಕು ಸುಮಾರು ಆರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗ ಧಾರಾಳವಾಯಿತು. ಮೇಲೆ ತಗಡಿನ ಹೊದಿಕೆ ಇರಲಿ, ಸೋಗೆ ಬೇಡ. ಕಿಟಕಿಯ ಕೆಳಗೆ ಬೇಡ, ತೆಂಗಿನ ಮರದ ನೇರಕ್ಕೂ ಬೇಡ. ನೆಲದಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು ಕಾಂಕ್ರೀಟಿನಲ್ಲಿ ಕಬ್ಬಿಣದ ಬಳೆಯೊಂದನ್ನು ಹೂಳಿ, ಅದಕ್ಕೂ ಹಿಂದಿನ ಚಕ್ರಕ್ಕೂ ದಪ್ಪ ಸರಪಳಿ ಹಾಕಿ ಬೀಗ ಜಡಿಯಿರಿ. ಹ್ಯಾಂಡಲ್ ಬೀಗವೊಂದನ್ನೇ ನಂಬಬೇಡಿ. ಮೇಲೊಂದು ದೀಪ ಉರಿಯುತ್ತಿದ್ದರೆ ಕಳ್ಳನಿಗೆ ಧೈರ್ಯ ಬರುವುದಿಲ್ಲ.

ಒಳಗೇ ನಿಲ್ಲಿಸಬೇಕಾದಲ್ಲಿ

1. ಅಟ್ಟದ ಕೆಳಗೆ ಬೇಡ. ಅಡಿಗೆಮನೆ, ಮಲಗುವ ಜಾಗ, ದೇವರ ಗೂಡು ಇವುಗಳಿಂದ ದೂರವಿರಲಿ. ಮುಚ್ಚಿದ ಜಗಲಿ, ಹಳೆಯ ಕೊಟ್ಟಿಗೆ ಇದ್ದರೆ ಅದೇ ಸರಿಯಾದ ಜಾಗ.

2. ಆ ಜಾಗಕ್ಕೂ ಒಳಮನೆಗೂ ನಡುವೆ ಆರು ಅಂಗುಲ ಎತ್ತರದ ಹೊಸಿಲು ಕಟ್ಟಿಸಿ. ನೆಲದ ವಾಟ ಹೊರಗಡೆಗೆ ಇರಲಿ. ಚೆಲ್ಲಿದ ಪೆಟ್ರೋಲು ಒಲೆಯತ್ತ ಹರಿಯುವುದು ಇದರಿಂದ ತಪ್ಪುತ್ತದೆ.

3. ಹೊರಗೋಡೆಯಲ್ಲಿ ನೆಲದಿಂದ ಒಂದು ಗೇಣಿನೊಳಗೆ ಇಟ್ಟಿಗೆ ಗಾತ್ರದ ಎರಡು ಕಿಂಡಿ ಬಿಡಿಸಿ. ಆವಿ ಭಾರವಾದ್ದರಿಂದ ಮೇಲಿನ ಕಿಟಕಿಯಿಂದ ಪ್ರಯೋಜನ ಕಡಿಮೆ. ಹಾವು, ಇಲಿ ಬರದಂತೆ ಕಿಂಡಿಗೆ ತಂತಿಯ ಜಾಲರಿ ಹಾಕಿಸಿ.

4. ಬೈಕು ನಿಂತ ಮೇಲೂ ಬಾಗಿಲ ಬಳಿ ಇಬ್ಬರು ದಾಟುವಷ್ಟು ದಾರಿ ಇರಬೇಕು. ಹಿತ್ತಿಲ ಬಾಗಿಲು ಒಳಗಿನಿಂದ ಬೀಗದ ಕೈ ಹುಡುಕದೆ ತೆರೆಯುವಂತಿರಬೇಕು.

5. ಹೊಸಿಲಿಗೆ ಆನಿಸುವ ಹಲಗೆ ಎತ್ತರದ ಆರರಷ್ಟು ಉದ್ದವಿರಲಿ. ಎಂಟು ಅಂಗುಲದ ಹೊಸಿಲಿಗೆ ನಾಲ್ಕು ಅಡಿ. ಬೈಕಿನ ತೂಕ ನೂರು ಕಿಲೋಗೂ ಮಿಕ್ಕಿದ್ದು. ಹಳೆಯ ತೆಂಗಿನ ಮರದ ಹೊರಭಾಗದ ಗಟ್ಟಿ ಹಲಗೆ ಇದಕ್ಕೆ ಚೆನ್ನಾಗಿ ಒದಗುತ್ತದೆ. ಜಾರದಂತೆ ನಾರಿನ ಹಗ್ಗ ಸುತ್ತಿ.

6. ತೋಟದಿಂದ ಬಂದೊಡನೆ ಒಳಗೆ ತರಬೇಡಿ. ಅರ್ಧ ಗಂಟೆ ಜಗಲಿಯ ಬಳಿ ಆರಲಿ. ಸೈಲೆನ್ಸರಿಗೆ ಕಾಲು ತಾಗಿಸಿಕೊಂಡು ಸುಟ್ಟುಕೊಳ್ಳುವ ಮಕ್ಕಳು ಎಷ್ಟೋ ಮಂದಿ. ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕೇ ಹೊರತು ಶಾಯಿ, ಹಲ್ಲುಪೇಸ್ಟು ಹಚ್ಚಬಾರದು.

7. ನಿಲ್ಲಿಸಿದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ. 2020ರ ಏಪ್ರಿಲ್ ನಂತರ ಬಂದ ಹೊಸ ಮಾದರಿಯ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಕ್ ಇರುವುದಿಲ್ಲ. ಕೊಳವೆಯನ್ನು ಮಾತ್ರ ಆಗಾಗ ನೋಡಬೇಕು. ಮಕ್ಕಳು ಎಳೆದರೆ ಉರುಳದಂತೆ ನಡುವಿನ ಸ್ಟ್ಯಾಂಡ್ ಹಾಕಿ.

8. ಗಾಡಿಯ ಕೆಳಗೆ ಒಂದು ಹಳೆಯ ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಕಲೆ ಕಂಡರೆ ಸೋರಿಕೆ ಇದೆಯೆಂದು ತಿಳಿಯಿರಿ. ಕಲೆಯಾದ ರಟ್ಟನ್ನು ಒಲೆಗೆ ಹಾಕಬೇಡಿ, ಹೊರಗೆ ಬಿಸಾಡಿ.

ಬಾಟಲಿ ಪೆಟ್ರೋಲು, ವಿದ್ಯುತ್ ಗಾಡಿ

ಔಷಧ ಸಿಂಪಡಿಸುವ ಯಂತ್ರಕ್ಕೆ, ಕಳೆ ಕೊಚ್ಚುವ ಯಂತ್ರಕ್ಕೆ ಎಂದು ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಪೆಟ್ರೋಲು ತಂದು ಮೂಲೆಯಲ್ಲಿಡುವುದು ಬೈಕಿಗಿಂತಲೂ ಕೆಟ್ಟದ್ದು. ನೀರೆಂದು ಮಕ್ಕಳು ಕುಡಿಯುವ ಭಯವೂ ಉಂಟು. ಪರವಾನಗಿಯಿಲ್ಲದೆ ಇಟ್ಟುಕೊಳ್ಳುವ ಅಲ್ಪ ಪೆಟ್ರೋಲಿಗೆ 1934ರ ಪೆಟ್ರೋಲಿಯಂ ಕಾಯ್ದೆ ಹೇಳುವುದು ಬಿಗಿಯಾದ ಮುಚ್ಚಳವಿರುವ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಗಳನ್ನು. ಲೋಹದ ಕ್ಯಾನಿನಲ್ಲಿ ಬೇಕಾದಷ್ಟನ್ನೇ ತಂದು ತೋಟದ ಮನೆಯ ನೆರಳಿನಲ್ಲಿಡಿ.

ವಿದ್ಯುತ್ ಸ್ಕೂಟರಿಗೆ ಪೆಟ್ರೋಲಿನ ಭಯವಿಲ್ಲ, ಆದರೆ ಲಿಥಿಯಂ ಬ್ಯಾಟರಿ ಕೆಟ್ಟರೆ ಎದ್ದ ಬೆಂಕಿ ಸುಲಭವಾಗಿ ಆರುವುದಿಲ್ಲ. ಎಲ್ಲರೂ ಮಲಗಿದ ಮೇಲೆ ಬಾಗಿಲ ಬಳಿ, ಅಟ್ಟದ ಕೆಳಗೆ ಚಾರ್ಜಿಗೆ ಹಾಕಬೇಡಿ. ಕಂಪನಿಯ ಚಾರ್ಜರನ್ನೇ ಬಳಸಿ, ಅರ್ಥಿಂಗ್ ಇರುವ ಪ್ಲಗ್ಗಿಗೆ ನೇರವಾಗಿ ಹಾಕಿ. ಉಬ್ಬಿದ, ಪೆಟ್ಟು ತಿಂದ ಬ್ಯಾಟರಿಯನ್ನು ಮನೆಯೊಳಗೆ ತರಲೇಬೇಡಿ.

ವಿಮೆಯ ಚೀಟಿ ತೆಗೆದು ನೋಡಿ

2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ವಿಮೆ ಕಡ್ಡಾಯವಾಯಿತು. ಆದರೆ ಅದು ಮೂರನೆಯವರಿಗೆ ಆಗುವ ಹಾನಿಗೆ ಮಾತ್ರ. ನಿಮ್ಮ ಗಾಡಿ ಕಳುವಾದರೆ, ಸುಟ್ಟರೆ ಹಣ ಬರಬೇಕಾದರೆ ಸ್ವಂತ ಹಾನಿಯ ವಿಮೆ ಚಾಲ್ತಿಯಲ್ಲಿರಬೇಕು. ಅನೇಕರಲ್ಲಿ ಅದು ಮೊದಲ ವರ್ಷಕ್ಕೇ ಮುಗಿದಿರುತ್ತದೆ. ಈ ವಿಮೆ ಚಾಲ್ತಿಯಲ್ಲಿದ್ದರೆ ಗಾಡಿಯನ್ನು ಹೊರಗಿನ ಸೂರಿನಲ್ಲಿ ಬಿಡಲು ಅರ್ಧ ಧೈರ್ಯ ಬಂದಂತೆ. ಅಟ್ಟದ ಕೊಬ್ಬರಿ ಮಾತ್ರ ಗಾಡಿಯ ವಿಮೆಗೆ ಸೇರುವುದಿಲ್ಲ.

ಬೆಂಕಿ ಕಂಡರೆ

ಪೆಟ್ರೋಲಿನ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಕಡ್ಡಿ ಗೀರಬೇಡಿ. ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕಳುಹಿಸಿ. ಉರಿಯುವ ಪೆಟ್ರೋಲಿಗೆ ಕೊಡದಿಂದ ನೀರು ಸುರಿದರೆ ಪೆಟ್ರೋಲು ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಸಣ್ಣ ಬೆಂಕಿಗೆ ಮರಳು, ಒಣಮಣ್ಣು ಎರಚಿ. ಪುಡಿಯ ಅಗ್ನಿಶಾಮಕ ಡಬ್ಬಿಯೊಂದನ್ನು ಬಾಗಿಲ ಹೊರಗೆ ತೂಗುಹಾಕಿದ್ದರೆ ಇನ್ನೂ ಒಳ್ಳೆಯದು. ಜ್ವಾಲೆ ಅಟ್ಟ ಮುಟ್ಟಿತೆಂದರೆ ಸಾಮಾನಿನ ಆಸೆ ಬಿಡಿ, ಜನರನ್ನೂ ದನಗಳನ್ನೂ ಹೊರಗೆ ಹಾಕಿ 112ಕ್ಕೆ ಫೋನು ಮಾಡಿ. ಪಟ್ಟಣದಿಂದ ಅಗ್ನಿಶಾಮಕದವರು ಬರುವಷ್ಟರಲ್ಲಿ ಕೊಬ್ಬರಿ ಅಟ್ಟ ಉಳಿಯುವುದು ಕಷ್ಟ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ ಎಂಬ ಮಾತು ನಿಮಗೆ ಗೊತ್ತಿದ್ದದ್ದೇ. ಮೇಲೆ ಹೇಳಿದವುಗಳಲ್ಲಿ ಸೂರು, ಹೊಸಿಲು, ಕಿಂಡಿಗಳಿಗೆ ಹಣ ಬೇಕು, ದಿನ ಬೇಕು. ಬೈಕನ್ನು ಅಟ್ಟದ ಕೆಳಗಿನಿಂದ ಸರಿಸುವುದಕ್ಕೆ, ಕಾಕ್ ತಿರುಗಿಸುವುದಕ್ಕೆ, ಹಿತ್ತಿಲ ಬಾಗಿಲ ಚೀಲಗಳನ್ನು ತೆಗೆಯುವುದಕ್ಕೆ ಕಾಸಿನ ಖರ್ಚಿಲ್ಲ. ಈ ಮೂರು ಕೆಲಸಗಳು ಇವತ್ತು ರಾತ್ರಿ ಮಲಗುವ ಮುಂಚೆ ಆಗಲಿ. ಉಳಿದವನ್ನು ಈ ಸಲದ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಮಾಡಿಸಿಕೊಳ್ಳಿ.